ಕಿವಿಯ ಬಿಲ್ಲೆ

ನಮ್ಮ ಸೀಮೆ ಹಸುವಿಗೆ ವಿಮೆ ಮಾಡಿಸಿದ ದಿನ ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಕೊಟ್ಟಿಗೆಗೆ ಬಂದಿದ್ದರು. ಅವರನ್ನು ಅಲ್ಲಿ ಅಷ್ಟು ಹೊತ್ತು ನೋಡಿದ್ದು ನಾನು ಅದೇ ಮೊದಲು. ಎಂಬತ್ತರ ದಶಕದ ಮಾತು. ಶಿಡ್ಲಘಟ್ಟದ ಹತ್ತಿರದ ನಮ್ಮೂರಿಂದ ಅಪ್ಪ ದಿನಾ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿ ಗುಮಾಸ್ತಿಕೆ ಮಾಡುತ್ತಿದ್ದರು. ಹಸು ಅಮ್ಮನದು. ಅಂದರೆ ಸಗಣಿ ಬಾಚುವುದು, ಹಾಲು ಕರೆಯುವುದು, ಡೈರಿಗೆ ಹೊತ್ತು ಹಾಕುವುದು ಅಮ್ಮನದು. ತೀರ್ಮಾನವೆಲ್ಲ ಅಪ್ಪನದು.

ವಿಮೆಯವರು ದನದ ಡಾಕ್ಟರ ಜೊತೆ ಬಂದು ಎರಡು ಬಗೆ ಇದೆ ಎಂದರು. ಹಸು ಸತ್ತರೆ ಮಾತ್ರ ದುಡ್ಡು ಬರುವುದು ಒಂದು. ಬದುಕಿದ್ದೂ ಹಾಲು ಪೂರಾ ನಿಂತುಹೋದರೆ ಆಗಲೂ ಬರುವುದು ಇನ್ನೊಂದು, ಅದಕ್ಕೆ ಕಂತು ಸ್ವಲ್ಪ ಹೆಚ್ಚು. ಬಾಗಿಲಲ್ಲಿ ನಿಂತಿದ್ದ ಅಮ್ಮ ಎರಡನೆಯದೇ ಇರಲಿ ಎಂದಳು. ಅಪ್ಪ ವಿಮೆಯವರ ಮುಖ ನೋಡಿ ನಕ್ಕರು.

"ಹಾಲು ನಿಲ್ಲದ ಹಾಗೆ ನೋಡ್ಕೊಳೋದು ನಿನ್ನ ಕೆಲಸ ಕಣೇ. ಅದಕ್ಕೂ ಯಾರಾದ್ರೂ ವಿಮೆ ಮಾಡಿಸ್ತಾರಾ?"

ಸಾವಿಗೆ ಮಾತ್ರ ಪೂರ್ತಿ ಬೆಲೆ ಬರೆಸಿದರು. ಪೂರ್ತಿ ಬೆಲೆಗೆ ಮಾಡಿಸಿದ್ದೇನೆ ಎಂದು ಬೀದಿಯವರಿಗೆಲ್ಲ ತೆಲುಗಿನಲ್ಲಿ ಹೇಳಿಕೊಂಡು ಬಂದರು. ಜಂಬದ ಮಾತಿಗೆ ಅವರಿಗೆ ತೆಲುಗೇ ಆಗಬೇಕಿತ್ತು. ಡಾಕ್ಟರು ಹಸುವಿನ ಕಿವಿ ಚುಚ್ಚಿ ಹಿತ್ತಾಳೆ ಬಿಲ್ಲೆ ಹಾಕಿದರು. ಬಿಲ್ಲೆ ಕಳೆದರೆ ಹಸು ಸತ್ತರೂ ಏನೂ ಸಿಗುವುದಿಲ್ಲ, ಸತ್ತ ಮೇಲೆ ಬಿಲ್ಲೆಯ ಸಮೇತ ಕಿವಿ ಕೊಯ್ದು ತರಬೇಕು ಎಂದು ವಿಮೆಯವರು ಹೇಳಿದಾಗ ಅಮ್ಮ ಒಳಗೆ ಹೊರಟುಹೋದಳು. ಆಮೇಲೆ ಬಂದು ಗಾಯಕ್ಕೆ ಅರಿಶಿನ ಹಚ್ಚಿದಳು.

ಮುಂದಿನ ಸಲ ಕರು ಹಾಕಿದಾಗ ಹಸುವಿಗೆ ಕೆಚ್ಚಲುಬಾವು ಬಂತು. ಹಾಲಿನಲ್ಲಿ ರಕ್ತ ಬಂತು, ಆಮೇಲೆ ಬರೀ ನೀರು, ಕೊನೆಗೆ ಅದೂ ಇಲ್ಲ. ನಾಲ್ಕು ಮೊಲೆಯೂ ಹೋದವು, ಇನ್ನು ಹಾಲಿನ ಆಸೆ ಬಿಡಿ ಎಂದರು ಡಾಕ್ಟರು. ವಿಮೆ ಕಚೇರಿಗೆ ಹೋದ ಅಪ್ಪ ಬರಿಗೈಯಲ್ಲಿ ಬಂದರು. ಬದುಕಿರುವ ಹಸುವಿಗೆ ಅವರೇಕೆ ಕೊಟ್ಟಾರು? ಅಮ್ಮ ಕೇಳಿದ್ದನ್ನು ಮಾಡಿಸಿದ್ದರೆ ಆಗುತ್ತಿತ್ತು. ಆ ಮಾತನ್ನು ಅಪ್ಪ ಎತ್ತಲೇ ಇಲ್ಲ. ಅಮ್ಮ ಕೈ ತೊಳೆದು ಹಾಲು ಕರೆಯುತ್ತಿರಲಿಲ್ಲ, ಅದಕ್ಕೇ ಹೀಗಾಯಿತು ಎಂದರು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಚಿಂತಾಮಣಿ ಸಂತೆಗೆ ಹೊಡೆಯಿರಿ ಎಂದು ಯಾರೋ ಹೇಳಿದರು. ಮನೆಯ ಹಸುವನ್ನು ಹಾಗೆಲ್ಲ ಮಾರುವುದುಂಟೇ ಎಂದು ಅಪ್ಪ ಧರ್ಮದ ಮಾತಾಡಿದರು. ಸಂತೆಯಲ್ಲಿ ಸಿಗುವುದಕ್ಕಿಂತ ಅದರ ಸಾವಿಗೆ ಹೆಚ್ಚು ಸಿಗುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು. ಹಿಂಡಿ ತರುವುದು ನಿಲ್ಲಿಸಿದರು, ಬೂಸಾ ನಿಲ್ಲಿಸಿದರು. ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ಕೊಟ್ಟಿಗೆಗೆ ಇಣುಕುವ ಹೊಸ ಅಭ್ಯಾಸ ಮಾತ್ರ ಶುರುವಾಯಿತು. ಪಕ್ಕದ ಮನೆಯಲ್ಲಿ ರೇಷ್ಮೆಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯನ್ನು ಅಮ್ಮ ಬೇಡಿ ತಂದು ಹಾಕುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಹಸುವಿನ ಹೊಟ್ಟೆ ಉಬ್ಬರಿಸಿ ಬಿಗಿದುಕೊಂಡಿತ್ತು. ಮಲಗಿದ್ದು ಏಳಲಿಲ್ಲ. ಬೇಗ ಸೈಕಲ್ಲಿನಲ್ಲಿ ಹೋಗಿ ಡಾಕ್ಟರನ್ನು ಕರೆತನ್ನಿ ಎಂದು ಅಮ್ಮ ಜಗಲಿಗೆ ಓಡಿಬಂದಳು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

"ಡಾಕ್ಟ್ರು ಯಾತಕ್ಕೆ? ಆಗಿದ್ದಾಗ್ಲಿ ಬಿಡು. ಪೂರ್ತಿ ಬೆಲೆಗೆ ಮಾಡ್ಸಿದೀನಲ್ಲ."

ಅಮ್ಮ ಒಳಗಿನಿಂದ ಇಕ್ಕಳ ತಗೊಂಡು ಕೊಟ್ಟಿಗೆಗೆ ಹೋದಳು. ನಾನು ಹಿಂದೆಯೇ ಹೋದೆ. ಹಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತಾನೂ ಅಳುತ್ತಾ, ಬಿಲ್ಲೆಯನ್ನು ತಿರುಚಿ ಕಿತ್ತಳು. ಕಿವಿ ಹರಿಯಿತು. ತಲೆ ಕೊಡವುವಷ್ಟು ಶಕ್ತಿಯೂ ಹಸುವಿಗಿರಲಿಲ್ಲ. ರಕ್ತ ಮೆತ್ತಿದ ಬಿಲ್ಲೆಯನ್ನು ತಂದು ಅಪ್ಪನ ಪೇಪರಿನ ಮೇಲಿಟ್ಟಳು.

"ಇನ್ನು ಇದು ಸತ್ರೆ ನಿಮಗೆ ಒಂದು ಕಾಸೂ ಬರಲ್ಲ. ಈಗ ಹೋಗಿ ಡಾಕ್ಟ್ರನ್ನ ಕರ್ಕೊಂಡ್ಬನ್ನಿ."

ಅಪ್ಪ ಬಾಯಿಗೆ ಬಂದಂತೆ ಬೈದರು. ಬೈಯುತ್ತಲೇ ಸೈಕಲ್ ಹತ್ತಿದರು. ಸತ್ತರೆ ಏನೂ ಇಲ್ಲ, ಬದುಕಿದರೆ ಗೊಬ್ಬರವಾದರೂ ಸಿಕ್ಕೀತಲ್ಲ.

ಡಾಕ್ಟರು ಬಂದು ಹೊಟ್ಟೆಗೆ ನಳಿಕೆ ಹಾಕಿ ಗಾಳಿ ಹೊರಬಿಟ್ಟರು. ಸಂಜೆಗೆ ಹಸು ಎದ್ದು ನಿಂತಿತು. ಆಮೇಲೂ ಎಷ್ಟೋ ವರ್ಷ ಬದುಕಿತ್ತು. ಮನೆಗೆ ಯಾರೇ ನೆಂಟರು ಬರಲಿ, ಆ ಭಾನುವಾರ ತಾವು ಬಿಸಿಲಲ್ಲಿ ಸೈಕಲ್ ತುಳಿದು ಡಾಕ್ಟರನ್ನು ಕರೆತಂದು ಹಸು ಉಳಿಸಿದ ಕಥೆಯನ್ನು ಅಪ್ಪ ಹೇಳುತ್ತಿದ್ದರು. ಹರಿದ ಕಿವಿಯ ವಿಷಯ ನೆಂಟರು ಕೇಳಿದರೆ, ಮುಳ್ಳುತಂತಿಗೆ ಸಿಕ್ಕಿಕೊಂಡಿತ್ತು ಎನ್ನುತ್ತಿದ್ದರು. ಅಮ್ಮ ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದಳು.