ಹಿತ್ತಲ ಜಗುಲಿಯ ತಟ್ಟೆ

ರೇಷ್ಮೆ ಹುಳು ಸಾಕುವವರಿಗೆ ಬುದ್ಧಿ ಹೇಳುವುದು ನನ್ನ ಕೆಲಸ. ಸರ್ಕಾರ ನನಗೆ ಸಂಬಳ ಕೊಡುವುದೇ ಅದಕ್ಕೆ. ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿಡಿ, ಕಾಲು ಅದ್ದಿಯೇ ಒಳಗೆ ಹೋಗಿ, ಇನ್ನೊಬ್ಬರ ಹುಳುಮನೆ ಹೊಕ್ಕ ಬಟ್ಟೆಯಲ್ಲಿ ನಿಮ್ಮ ಹುಳು ಮುಟ್ಟಬೇಡಿ ಎಂದು ಎಷ್ಟು ಊರಲ್ಲಿ ಎಷ್ಟು ಸಲ ಬಾಯಿ ಬಡಿದುಕೊಂಡಿದ್ದೇನೋ ಆ ಶಿವನೇ ಬಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವನು ನನ್ನಂಥವನನ್ನು ಎಲ್ಲೋ ನೋಡಿರಬೇಕು.

ಈ ಕೆಲಸದ ಮೇಲೆಯೇ ಒಂಬತ್ತು ವರ್ಷ ಅಸ್ಸಾಮಿನಲ್ಲಿದ್ದೆ. ಹೋಗುವಾಗ ಮಗಳಿಗೆ ಐದು ತಿಂಗಳು. ಅವಳು ನಡೆಯಲು ಕಲಿತದ್ದು, ಹಲ್ಲು ಬಂದದ್ದು, ಬಿದ್ದದ್ದು, ಎಲ್ಲ ಅಲ್ಲೇ. ನಮ್ಮ ಬಾಡಿಗೆ ಮನೆಗೆ ಅಂಟಿಕೊಂಡಂತೆ ಒಬ್ಬ ಮುದುಕಿಯ ಮನೆಯಿತ್ತು. ಮಗಳು ಆಕೆಯನ್ನು ಐತಾ ಎಂದು ಕರೆಯುತ್ತಿದ್ದಳು, ಅಲ್ಲಿಯ ಮಾತಲ್ಲಿ ಹಾಗೆಂದರೆ ಅಜ್ಜಿ. ಐತಾಳೂ ಹುಳು ಸಾಕುತ್ತಿದ್ದಳು. ಆದರೆ ನಮ್ಮ ಕಡೆಯ ಹುಳುವಲ್ಲ, ಹಿಪ್ಪುನೇರಳೆ ಬದಲು ಹರಳೆಲೆ ತಿನ್ನುವ ಹುಳು. ಗೂಡಿನೊಳಗಿಂದ ಹುಳುವನ್ನು ಹೊರಗೆ ತೆಗೆದು, ಗೂಡನ್ನು ನೂಲಿಗೆ ಇಟ್ಟುಕೊಂಡು, ಹುಳುವನ್ನು ಖಾರ ಹಾಕಿ ಹುರಿದು ತಿನ್ನುವುದು ಅಲ್ಲಿಯ ರೂಢಿ. ನಮ್ಮಲ್ಲಿ ಹುರುಳಿಕಾಳು ಹುರಿದು ತಿಂದಷ್ಟೇ ಸಹಜ ಅವರಿಗೆ.

ನಮ್ಮದೋ ಲಿಂಗ ಕಟ್ಟಿದ ಮನೆ. ಮೊಟ್ಟೆ ಮುಟ್ಟಿದ ಕೈಯಲ್ಲಿ ಬಿಂದಿಗೆ ಮುಟ್ಟಿಸದ ಮನೆ. ಆದರೂ ಮಗಳು ಐತಾಳ ತೊಡೆಯ ಮೇಲೆ ಕೂತು ತಿಂದಳು. ನಾನೂ ತಿಂದೆ. ಮೊದಲ ಸಲ ನನ್ನ ಬಾಯಿಗೆ ಇಟ್ಟವಳು ಮಗಳೇ. ನಾಲ್ಕು ವರ್ಷದ ಕೂಸು, ಪುಟ್ಟ ಬೆರಳಲ್ಲಿ ಹಿಡಿದು "ಅಪ್ಪ, ಆ ಅನ್ನು" ಎಂದಿತು. ನಾನು ಆ ಎಂದೆ. ಆಮೇಲೆ ಅವಳು ಇಡದೆಯೂ ತಿಂದೆ, ರುಚಿ ಹತ್ತಿತ್ತು, ಸುಳ್ಳು ಯಾಕೆ ಹೇಳಲಿ. ಹೆಂಡತಿ ಮಾತ್ರ ಬಾಯಿಗಿಡಲಿಲ್ಲ. "ತಿನ್ನೋದು ತಿನ್ನಿ, ನಮ್ಮೂರಲ್ಲಿ ಮಾತ್ರ ಉಸಿರೆತ್ತಬೇಡಿ" ಎಂದು ನನಗೆ ಹೇಳಿದಳು. ಇದು ಗುಟ್ಟು ಎಂದು ಮಗುವಿಗೆ ಹೇಳಿಕೊಡಲು ಇಬ್ಬರಿಗೂ ಹೊಳೆಯಲೇ ಇಲ್ಲ.

ವರ್ಗವಾಯಿತು. ಮೂರು ದಿನ ರೈಲು, ಆಮೇಲೆ ಮೈಸೂರು, ಕೊನೆಗೆ ಚಾಮರಾಜನಗರ. ಆಫೀಸು ನಗರದಲ್ಲೇ ಇದ್ದದ್ದರಿಂದ ಪಕ್ಕದ ಹರದನಹಳ್ಳಿಯ ನಮ್ಮ ಮನೆಯಲ್ಲೇ ಇಳಿದೆವು. ಅಲ್ಲಿ ಅವ್ವ ಇದ್ದಳು, ನನ್ನ ತಾಯಿ. ಹಿತ್ತಲ ಕಡೆ ಹುಳುಮನೆ ಕಟ್ಟಿಸಿಕೊಂಡು ಇಬ್ಬರು ಹೆಣ್ಣಾಳುಗಳ ಜೊತೆ ಬೆಳೆ ತೆಗೆಯುತ್ತ, ಊರಿಗೇ ಜೋರು ಹೆಂಗಸು ಅನ್ನಿಸಿಕೊಂಡು ಇದ್ದಳು.

ಮಗಳಿಗೆ ಇಲ್ಲಿ ಯಾವುದೂ ಹಿಡಿಸಲಿಲ್ಲ. ಅವಳ ಕನ್ನಡ ಮನೆಯೊಳಗಿನ ಕನ್ನಡ, ನಾವು ಮೂರೇ ಜನ ಆಡಿದ್ದು. ಶಾಲೆಯ ಹುಡುಗಿಯರು "ಇದ್ಯಾವೂರು ಗೊಂಬೆ" ಎಂದು ನಕ್ಕರು. ಬಂದ ಎರಡು ತಿಂಗಳು ಅವಳು ಮಳೆ ಯಾವಾಗ ಬರುತ್ತದೆ ಎಂದು ಕೇಳುತ್ತಲೇ ಇದ್ದಳು. ಅವಳನ್ನು ಉಳಿಸಿದ್ದು ಹುಳುಮನೆ. ಹುಳು ನೋಡಿದ್ದೇ ತಡ, ಬೆಳಿಗ್ಗೆ ಎದ್ದು ಅವ್ವನ ಸೆರಗು ಹಿಡಿದು ಹೊರಟಳು. ಸೊಪ್ಪು ಕೊಯ್ಯುವುದು, ಹರಡುವುದು, ಹಿಕ್ಕೆ ತೆಗೆಯುವುದು. ಅವ್ವ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು. ಒಗ್ಗರಣೆ ಹೊಗೆ ಹೋಗಕೂಡದು, ಪೌಡರ್ ಹಚ್ಚಿಕೊಂಡು ಬರಕೂಡದು, ಕಾಲು ತೊಳೆಯದೆ ಹೊಸಲು ದಾಟಕೂಡದು. ನನ್ನ ಇಲಾಖೆಯ ಕಾಗದದಲ್ಲಿರುವುದೆಲ್ಲ ಅವ್ವನ ಬಾಯಲ್ಲಿತ್ತು.

"ನಿನ್ಗಿಂತ ನಿನ್ ಮಗ್ಳೇ ವಾಸಿ ಕಣ್ಲಾ. ಕೈಗುಣ ಚೆಂದಾಗದ" ಎಂದಳು ಅವ್ವ ಒಂದು ದಿನ. ಮಗಳು ನನ್ನ ಕಡೆ ನೋಡಿ ನಕ್ಕಳು. ಈ ಸೀಮೆಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಸದ್ಯ, ಬೇರು ಬಿಟ್ಟಿತು ಎಂದುಕೊಂಡೆ.

ಆ ಬೆಳೆ ನಾಲ್ಕನೇ ಜ್ವರ ಎದ್ದ ದಿನ ನಾನು ಗುಂಡ್ಲುಪೇಟೆ ಕಡೆ ಹೋಗಿದ್ದೆ. ಹುಳು ಪೊರೆ ಬಿಡಲು ಮೇವು ಬಿಟ್ಟು ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದರೆ ಇನ್ನೊಂದು ವಾರ, ಗೂಡು ಕಟ್ಟುವ ತನಕ ಅದಕ್ಕೆ ತಿನ್ನುವುದೊಂದೇ ಕೆಲಸ. ಗುಂಡ್ಲುಪೇಟೆ ಹತ್ತಿರದ ಒಂದು ತೋಟದ ಮನೆಯಲ್ಲಿ ಹುಳುವಿಗೆ ಹಾಲುತೊಂಡೆ ಬಿದ್ದಿತ್ತು. ಅದು ಬಿದ್ದರೆ ಹುಳು ಊದಿಕೊಂಡು ಒಡೆದು ಹಾಲಿನಂಥ ರಸ ಸುರಿಸುತ್ತದೆ, ಆ ರಸ ತಗುಲಿದ ಕಡೆಯೆಲ್ಲ ರೋಗ. ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿ, ಎಲ್ಲವನ್ನೂ ಸುಣ್ಣ ಹಾಕಿ ಹೂಳಿ ಎಂದು ಹೇಳಿ, ಬಿಸಿಲಲ್ಲಿ ಬೈಕು ಓಡಿಸಿಕೊಂಡು ಮನೆಗೆ ಬಂದೆ. ಗಾಡಿ ನಿಲ್ಲಿಸುವಷ್ಟರಲ್ಲಿ ಹುಳುಮನೆಯೊಳಗಿಂದ ಅವ್ವ ಕೂಗಿದಳು, "ಬಾರ್ಲಾ, ಈ ಸೊಪ್ಪಿನ ಕುಕ್ಕೆಗೊಂದು ಕೈ ಆಕು." ಹೋದೆ. ಅದೇ ಬಟ್ಟೆ, ಅದೇ ಕೈ, ಅದೇ ಕಾಲು. ಬಾಗಿಲಲ್ಲಿದ್ದ ಬ್ಲೀಚಿಂಗ್ ನೀರನ್ನು ದಾಟಿಕೊಂಡು ಹೋದೆ. ಕುಕ್ಕೆ ಎತ್ತಿಕೊಟ್ಟು, ಸೊಪ್ಪನ್ನೂ ನಾಲ್ಕು ಹಿಡಿ ಹರಡಿ ಬಂದೆ. ಸ್ನಾನ ಮಾಡುವಾಗ ನೆನಪಾಯಿತು. ಏನಾಗಲ್ಲ ಬಿಡು ಎಂದುಕೊಂಡೆ. ರೈತರು ಈ ಮಾತು ಹೇಳಿದಾಗ ಎಷ್ಟು ಬೈದಿದ್ದೇನೆ ನಾನು!

ಐದನೆಯ ದಿನ ಸಂಜೆ, ಮೇವು ಕೊಟ್ಟು ಮುಗಿಸಿ ಅವ್ವ, ಮಗಳು ಹಿತ್ತಲ ಜಗುಲಿಯ ಮೇಲೆ ಕೂತಿದ್ದರು. ನಾನು ಬಾಗಿಲಲ್ಲಿ ನಿಂತು ಕಾಫಿ ಕುಡಿಯುತ್ತಿದ್ದೆ. ಗೂಡು ಮಾರಿದ ಮೇಲೆ ಒಳಗಿನ ಹುಳು ಏನಾಗುತ್ತದೆ ಎಂದು ಮಗಳು ಕೇಳಿದಳು. "ತಕೊಂಡೋರು ಬೇಯಿಸ್ತಾರ ಕಣಮ್ಮಿ. ಬೇಯ್ಸೋ ಪಾಪ ಬೇಯ್ಸೋರ್ಗೆ, ನಮಗ್ಯಾಕ?" ಎಂದಳು ಅವ್ವ.

"ಆಮೇಲೆ ತಿಂತಾರಾ?"

"ಥೂ! ಉಳ ಯಾರ್ ತಿಂದರು?"

"ಅಲ್ಲಿ ನಾವು ತಿಂತಿದ್ವಿ ಅಜ್ಜಿ. ಐತಾ ಹುರಿದು ಕೊಡೋರು. ತುಂಬ ಚೆನ್ನಾಗಿರುತ್ತೆ."

ಅವ್ವನ ಕೈ ಮಗಳ ಜಡೆಯ ಮೇಲಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ನನ್ನನ್ನು ನೋಡದೆ, ಅವಳನ್ನೇ ಕೇಳಿದಳು, "ನಿಮ್ಮಪ್ಪನೂ ತಿಂದ್ನಾ?"

ಮಗಳು ತಲೆ ಎತ್ತಿ ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಏನಿತ್ತೋ. ಒಂಬತ್ತು ವರ್ಷದ ಹುಡುಗಿ ಅದನ್ನು ಓದಿಕೊಂಡಳು.

"ಇಲ್ಲ ಅಜ್ಜಿ. ಅಪ್ಪನೂ ತಿಂದಿಲ್ಲ, ಅಮ್ಮನೂ ತಿಂದಿಲ್ಲ. ನಾನೊಬ್ಬಳೇ."

ಆಗ ಬಾಯಿ ಬಿಡಬೇಕಿತ್ತು ನಾನು. ಬಿಟ್ಟೆ. "ಮಗು ಅವ್ವ, ಗೊತ್ತಾಗದೆ ತಿಂದದೆ" ಎಂದೆ. ನನ್ನ ನಾಲಗೆ ಸೇದಿ ಹೋಗಬಾರದಿತ್ತೇ ಅನ್ನಿಸುತ್ತದೆ ಈಗ.

ಮಾರನೆಯ ಬೆಳಿಗ್ಗೆ ಹುಳುಗಳು ತಟ್ಟೆಯ ಅಂಚು ಹತ್ತಿ ಅಲೆಯುತ್ತಿದ್ದವು. ಮೈ ಊದಿ ಮಿರುಗುತ್ತಿತ್ತು. ಮುಟ್ಟಿದರೆ ಹಾಲು. ಎರಡು ದಿನದಲ್ಲಿ ಇಡೀ ಬೆಳೆ ಹೋಯಿತು. ನಾನೇ ಗುಂಡಿ ತೆಗೆಸಿ, ಸುಣ್ಣ ಸುರಿದು ಹೂಳಿಸಿದೆ. ಅವ್ವ ಗುಂಡಿಯ ಬದಿಯಲ್ಲಿ ಕೂತು, ಸೆರಗಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಆಮೇಲೆ ಎದ್ದು, ಮನೆಯ ಬಾಗಿಲಲ್ಲಿ ನಿಂತಿದ್ದ ಮಗಳನ್ನು ನೋಡಿ, ದನಿ ಏರಿಸದೆ ಹೇಳಿದಳು. "ಅವು ಅನ್ನ ಕೊಡೋ ಮಕ್ಳು ಕಣ. ತಿಂದ ಬಾಯ ಉಸುರು ತಗಲ್ತು. ಇನ್ ಒಳಕ್ ಬರ್ಬ್ಯಾಡ ನೀನು."

ಉಸಿರಲ್ಲ ಅವ್ವ, ನನ್ನ ಕಾಲು. ಹೇಳಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು. ಜಿಲ್ಲೆಗೆಲ್ಲ ಬುದ್ಧಿ ಹೇಳುವವನು ಹೆತ್ತವಳ ಹುಳುಮನೆಗೇ ರೋಗ ಹೊತ್ತು ತಂದ ಎಂದು ಊರು ಆಡಿಕೊಳ್ಳುವುದನ್ನು ನೆನೆದೇ ನಡುಗಿದೆ. ಮಗು ತಾನೇ, ನಾಲ್ಕು ದಿನಕ್ಕೆ ಎಲ್ಲ ಮರೆಯುತ್ತದೆ, ಅವ್ವನೂ ಮರೆಯುತ್ತಾಳೆ.

ಅವ್ವ ಮರೆಯಲಿಲ್ಲ. ಅಂದು ಮಧ್ಯಾಹ್ನ ಅಟ್ಟದಿಂದ ಒಂದು ಹಳೆಯ ಅಲ್ಯೂಮಿನಿಯಂ ತಟ್ಟೆ, ಒಂದು ಲೋಟ ಇಳಿಸಿ ಹಿತ್ತಲ ಜಗುಲಿಯ ಮೇಲಿಟ್ಟಳು. ಹಾಗಂತ ಹೊಟ್ಟೆಗೆ ಕಡಿಮೆ ಮಾಡಿದಳೇ ಎಂದರೆ ಇಲ್ಲ. ಮುದ್ದೆಗೆ ತುಪ್ಪ ನಮಗಿಂತ ಒಂದು ಚಮಚ ಹೆಚ್ಚೇ ಹಾಕುತ್ತಿದ್ದಳು. ಆದರೆ ಮೇಲಿಂದ ಹಾಕುತ್ತಿದ್ದಳು. ಮಗಳು ಜಗುಲಿಯ ಮೇಲೆ ಕೂತು ಉಂಡು, ತಟ್ಟೆಯನ್ನು ತಾನೇ ತೊಳೆದು, ಗೋಡೆಗೆ ಒರಗಿಸಿ ಇಡುತ್ತಿದ್ದಳು. ನಾನು ಒಳಗೆ ಕೂತು ಉಣ್ಣುತ್ತಿದ್ದೆ. ಬಾಗಿಲಿನಿಂದ ಅವಳ ಬೆನ್ನು ಕಾಣುತ್ತಿತ್ತು.

ಹೆಂಡತಿ ಮೂರು ತಿಂಗಳು ತಡೆದುಕೊಂಡಳು. ದಿನಾ ಕೇಳುವಳು, "ನೀವೂ ತಿಂದದ್ದನ್ನ ಹೇಳಿದ್ರಾ?" ನಾನು ಇವತ್ತಲ್ಲ ನಾಳೆ ಎನ್ನುವೆನು. ಕೊನೆಗೊಂದು ದಿನ "ನೀವು ಒಂದು ಗಂಡಸಾ? ಆ ಕೂಸಿನ ಸೆರಗಲ್ಲಿ ಬಚ್ಚಿಟ್ಕೊಂಡಿದ್ದೀರಲ್ಲ, ನಾಚಿಕೆ ಆಗಲ್ವಾ?" ಎಂದಳು. ನಾನೇ ಹೇಳುತ್ತೇನೆ ಎಂದು ಒಮ್ಮೆ ಹೊರಟೂ ಬಿಟ್ಟಿದ್ದಳು. ಮಗಳೇ ತಡೆದಳಂತೆ: "ಬೇಡಮ್ಮ, ಅಜ್ಜಿ ಅಪ್ಪನ್ನೂ ಆಚೆ ಕೂರಿಸ್ತಾರೆ." ಆಮೇಲೆ ಹೆಂಡತಿ ಹಟ ಹಿಡಿದು ಗುಂಡ್ಲುಪೇಟೆಯಲ್ಲಿ ಬಾಡಿಗೆ ಮನೆ ಹುಡುಕಿಸಿದಳು. ಸಾಮಾನು ಕಟ್ಟುವಾಗ ಮಗಳು ಹಿತ್ತಲಿಂದ ಆ ತಟ್ಟೆ, ಲೋಟ ತಂದು ತನ್ನ ಪುಸ್ತಕದ ಚೀಲದಲ್ಲಿ ಇಟ್ಟುಕೊಂಡಳು. "ಅದು ಇಲ್ಲೇ ಇರ್ಲಿ ಬಿಡು" ಎಂದಳು ಅವಳಮ್ಮ. "ನಂದಲ್ವಾ" ಎಂದಳು ಮಗಳು.

ಅಸ್ಸಾಮಿನಿಂದ ಇಲ್ಲಿಗೆ ಬಂದದ್ದು ದೊಡ್ಡ ಪ್ರಯಾಣ ಎಂದು ಜನ ಹೇಳುತ್ತಾರೆ. ಹರದನಹಳ್ಳಿಯಿಂದ ಗುಂಡ್ಲುಪೇಟೆಗೆ ಬಸ್ಸಲ್ಲಿ ಬಂದ ಆ ಒಂದೂವರೆ ಗಂಟೆಯೇ ನನಗೆ ಹೆಚ್ಚು ದೂರ ಅನ್ನಿಸಿದ್ದು. ಊಟಿಗೆ ಹೋಗುವವರು, ಕೇರಳಕ್ಕೆ ಹೋಗುವವರು ನಿಂತು ಚಹಾ ಕುಡಿದು ಹೋಗುವ ಊರು ಇದು. ಯಾರು ಯಾವ ಊರಿನವರು ಎಂದು ಯಾರೂ ಕೇಳುವುದಿಲ್ಲ. ಮಗಳು ಇಲ್ಲೇ ಓದಿದಳು, ಇಲ್ಲಿಯವರಂತೆ ಮಾತು ಕಲಿತಳು. ಈಗ ಹದಿನೆಂಟು. ನನ್ನ ಜೊತೆ ಜಗಳವಿಲ್ಲ, ಮುನಿಸಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಇಷ್ಟು ವರ್ಷದಲ್ಲಿ ಅವಳಾಗಿ ನನ್ನನ್ನು ಒಂದು ಮಾತೂ ಕೇಳಿಲ್ಲ. ಊಟ ಮಾತ್ರ ಹಿತ್ತಲ ಮೆಟ್ಟಿಲ ಮೇಲೆ, ಅದೇ ತಟ್ಟೆಯಲ್ಲಿ. ಬೈದು ನೋಡಿದೆವು, ಅತ್ತು ನೋಡಿದೆವು. "ಒಳಗೆ ನಂಗೆ ಸೇರಲ್ಲ" ಎನ್ನುತ್ತಾಳೆ.

ಈ ವರ್ಷ ಅವ್ವ ಬಿದ್ದು ಸೊಂಟ ಮುರಿದುಕೊಂಡಳು. ಹಾಸಿಗೆ ಹಿಡಿದಳು. ನಾವು ಸರದಿಯಲ್ಲಿ ಹೋಗಿ ಬರುತ್ತಿದ್ದೆವು, ಮಗಳನ್ನು ಬಿಟ್ಟು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತ ಎಲ್ಲ ಹೇಳಿಬಿಟ್ಟೆ. ನಾನೂ ತಿಂದದ್ದು, ಕಾಲು ಅದ್ದದೆ ಒಳಗೆ ಬಂದದ್ದು, ಎರಡನ್ನೂ.

ಅವ್ವ ನನ್ನಿಂದ ಕಣ್ಣು ತೆಗೆದು ಜಂತೆ ನೋಡಿದಳು. "ಅವತ್ತೇ ಯೋಳ್ಬಾರ್ದಾಗಿತ್ತಾ?" ಎಂದಳು.

"ನನ್ನನ್ನೂ ಆಚೆ ಇಡ್ತಿದ್ದೆಯೇನೋ ಅಂತ..."

"ಎತ್ತ ಮಗನ್ನ ಆಚ್ಗ ಕೂರ್ಸಕ್ಕಾದ್ದಾ, ಎಡವಟ್ಟು ಮುಂಡೇದೆ? ಎರಡ್ ದಿನ ನಾ ಬೈತಿದ್ದಿ, ಆಮ್ಯಾಲ ನುಂಗ್ಕತಿದ್ದಿ. ನಿನ್ನ ಒಳಕ್ ಕರ್ಕಂಡ ಮ್ಯಾಲ ಅವಳ್ನ ಆಚ್ಗ ಬುಡಕ್ಕಾಯ್ತಿತ್ತಾ?" ಗಂಜಿ ಬೇಡವೆಂದು ಮುಖ ತಿರುಗಿಸಿದಳು. ನಾನು ಹೊರಡುವಾಗ ಹೇಳಿದಳು, "ಕರ್ಕೊಂಡ್ ಬಾ ಕೂಸ. ಬೇಗ್ನೆ ಕರ್ಕೊಂಡ್ ಬಾ. ನನ್ ಕೈಯಾರ ಒಂದ್ ತುತ್ತು ಇಕ್ಕಬೇಕು."

ಕರೆದುಕೊಂಡು ಹೋಗಬೇಕೆಂದರೆ ಯಾಕೆ ಎಂದು ಮಗಳಿಗೆ ಹೇಳಬೇಕು. ಅವಳ ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಪರೀಕ್ಷೆ ಮುಗಿಯಿತು. ಈ ಭಾನುವಾರ ಬೇಡ, ಮುಂದಿನ ಭಾನುವಾರ ಎಂದುಕೊಂಡೆ. ಮುಂದಿನ ಭಾನುವಾರಕ್ಕೆ ಮೊದಲೇ ಅವ್ವ ಹೋದಳು. ಮಣ್ಣಿಗೆ ಎಲ್ಲರ ಜೊತೆ ಮಗಳೂ ಬಂದಳು. ವಿಭೂತಿ ಹಚ್ಚಿ ಕೂರಿಸಿದ್ದ ಅಜ್ಜಿಯನ್ನು ಹಿತ್ತಲ ಬಾಗಿಲ ಆಚೆಯಿಂದಲೇ ನೋಡಿದಳು. ಒಳಗೆ ಬಾ ಎಂದು ಯಾರೋ ಕರೆದರು. ಇಲ್ಲೇ ಕಾಣ್ತದೆ ಎಂದಳು.

ಕಾರ್ಯ ಎಲ್ಲ ಮುಗಿಸಿ ಗುಂಡ್ಲುಪೇಟೆಗೆ ಬಂದ ಮೇಲೆ, ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಅವಳು ಮುದ್ದೆ ಕಟ್ಟುತ್ತಿದ್ದಾಗ ಹೇಳಿದೆ. ಅವ್ವನಿಗೆ ಹೇಳಿದ್ದನ್ನು, ಅವ್ವ ಹೇಳಿದ್ದನ್ನು, ಒಂದನ್ನೂ ಬಿಡದೆ. ಅವಳ ಕೈ ನಿಂತಿತು.

"ಅಜ್ಜಿ ನನ್ನ ಕರೆದಿದ್ರಾ?"

"ಹೂಂ."

"ಕರೆದ ಮೇಲೆ ಎಷ್ಟು ದಿನ ಇದ್ರು?"

"ಹತ್ತೊಂಬತ್ತು ದಿನ" ಎಂದೆ.

ಅವಳು ಕೈ ಮತ್ತೆ ಒದ್ದೆ ಮಾಡಿಕೊಂಡಳು. ಮುದ್ದೆಗಳನ್ನು ಕಟ್ಟಿ ಮುಗಿಸಿದಳು. ನನಗೆ ಏನು ಮಾಡಬೇಕೆಂದು ತೋಚದೆ, ಗೋಡೆಯ ಗೂಡಿನಲ್ಲಿದ್ದ ಆ ಅಲ್ಯೂಮಿನಿಯಂ ತಟ್ಟೆಯನ್ನು ಕೈಗೆತ್ತಿಕೊಂಡು ಹಿತ್ತಲ ಕಡೆ ಹೊರಟೆ. ಇವತ್ತಾದರೂ ಅಲ್ಲಿ ಕೂತು ಉಣ್ಣೋಣ ಎಂದು. ಅವಳು ಅಡ್ಡ ಬಂದು, ಮೆಲ್ಲಗೆ ಅದನ್ನು ನನ್ನ ಕೈಯಿಂದ ಬಿಡಿಸಿಕೊಂಡು, ದುಪಟ್ಟಾದ ತುದಿಯಲ್ಲಿ ಒರೆಸಿದಳು.

"ಇದು ನಂದು ಅಪ್ಪ. ನಿಮ್ಮದು ಅಲ್ಲಿದೆ."

ತನ್ನ ಮುದ್ದೆ ಹಾಕಿಕೊಂಡು, ಸಾರು ಬಿಟ್ಟುಕೊಂಡು ಹಿತ್ತಲ ಮೆಟ್ಟಿಲಿಗೆ ಹೋದಳು. ಹೆಂಡತಿ ನನ್ನ ಸ್ಟೀಲ್ ತಟ್ಟೆಗೆ ಬಡಿಸಿ ಮುಂದಿಟ್ಟಳು. ಬಾಗಿಲಿನಿಂದ ಮಗಳ ಬೆನ್ನು ಕಾಣುತ್ತಿತ್ತು. ನಾನು ಒಳಗೆ ಕೂತು ಉಂಡೆ.