ಮಾರ್ಲಿಸಳ ಅವಸರವಿಲ್ಲದ ಪಾಠ

ಮಾರ್ಲಿಸ್ ಕೊಸ್ಕೆಲಾಳ ಮನೆಯ ಶಾಲೆಗೆ ಗಂಟೆಯಿರಲಿಲ್ಲ. ಬೆಳಗಿನ ಗಂಜಿಯಾಗಿ ಬಟ್ಟಲು ತೊಳೆದ ಮೇಲೆ, ಒಲೆಗೆ ಎರಡು ಕೊರಡು ತುರುಕಿ ಅವಳು ಪುಸ್ತಕ ಬಿಚ್ಚಿ ಗಟ್ಟಿಯಾಗಿ ಓದುತ್ತಿದ್ದಳು. ಕೇಳಿದ್ದನ್ನು ಮಕ್ಕಳು ತಮ್ಮ ಮಾತಿನಲ್ಲಿ ಮರಳಿ ಹೇಳಬೇಕು. ಹೇಳುವವರು ಮುಗಿಸುವ ತನಕ ಯಾರೂ ನಡುವೆ ಬಾಯಿ ಹಾಕಬಾರದು. ಪರೀಕ್ಷೆ, ಅಂಕ, ಗದರಿಕೆ ಯಾವುದೂ ಇಲ್ಲ. ಮಧ್ಯಾಹ್ನ ಹಿಮದಲ್ಲಿ ಮೊಲದ ಹೆಜ್ಜೆ ಹುಡುಕುವುದೂ ಪಾಠವೇ. ಸುಪೀರಿಯರ್ ಸರೋವರದ ದಂಡೆಯ ಆ ಕಾಡಿಗೆ ಬಂದು ಏನು ಕಲಿಸಿದೆ ಎಂದು ಕೇಳುವವರೂ ಇರಲಿಲ್ಲ.

ಕೇಳುತ್ತಿದ್ದವಳು ನಾದಿನಿ ಡೋರೀನ್ ಒಬ್ಬಳೇ. ಊರಿನ ಶಾಲೆಯಲ್ಲಿ ಸಹಾಯಕಿ, ಬಾಯಿ ಸ್ವಲ್ಪ ಚುರುಕು.

"ಅತ್ತಿಗೆ, ನಿನ್ ಮಗಳು ಇಂಗಾಗೆ ಹದಿನೈದಾಯ್ತು. ಅವಳಷ್ಟಕ್ಕೆ ಅವಳು ಒಂದು ಪುಸ್ತಕ ಹಿಡ್ಕೊಂಡು ಕೂತಿದ್ದು ನಾನಂತೂ ನೋಡಿಲ್ಲ."

"ಬರುತ್ತೆ ಬಿಡು, ಅವಸರ ಏನಿದೆ? ನೀಲೋಗೆ ಹತ್ತಾಗೋವರೆಗೂ ಬಂದಿತ್ತಾ?"

"ನೀಲೋ ಕಥೆ ಬೇರೆ. ನಿನ್ನ ನಿಧಾನ ನೋಡಿದ್ರೆ ಬಸವನಹುಳಕ್ಕೂ ಬೇಜಾರಾಗುತ್ತೆ."

"ನಿಮ್ಮ ಶಾಲೆ ಮಕ್ಕಳು ಇವಳ ಹಾಗೆ ಒಂದು ಕಥೆ ಹೇಳ್ಲಿ, ಆಮೇಲೆ ಮಾತಾಡು."

ಹಿರಿಯ ಮಗ ನೀಲೋ ಒಂದು ಚಳಿಗಾಲ ಯಾರೂ ಕಲಿಸದೆ ತಾನೇ ಓದತೊಡಗಿದ್ದ. ಈಗ ಅದಿರು ಸಾಗಿಸುವ ಹಡಗಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಮಾರ್ಲಿಸಳನ್ನು ಹಾಳು ಮಾಡಿದ್ದೇ ಅದು. ಏಳು ವರ್ಷದ ಇಂಗಾ ಅಕ್ಷರಗಳ ಮುಂದೆ ಕೂತು ಅತ್ತಾಗ, ಕಾಲ ಬಂದಿಲ್ಲ ಎಂದು ಅವಳು ಪುಸ್ತಕ ಮುಚ್ಚಿಟ್ಟಳು. ಮುಂದೆ ಎರಡು ಮೂರು ಸಲ ತೆರೆದಾಗಲೂ ಅಳುವೇ. ಆಮೇಲೆ ತೆರೆಯಲಿಲ್ಲ. ಹುಡುಗಿ ಮರಳಿ ಹೇಳಲು ಕೂತರೆ ಕೇಳುವವರು ಊಟ ಮರೆಯಬೇಕು, ಅಷ್ಟು ಚೆಂದ. ಅಂಥವಳಿಗೆ ಓದು ಬಾರದೆ ಉಂಟೇ? ಅನುಮಾನವೇ ಇರಲಿಲ್ಲ ಎಂದರೆ ಸುಳ್ಳಾದೀತು. ಅಡುಗೆಯ ಚೀಟಿ ಕೊಟ್ಟಾಗಲೆಲ್ಲ ಇಂಗಾ, "ನೀನೇ ಓದಮ್ಮ, ಕೈಯೆಲ್ಲ ಹಿಟ್ಟಾಗಿದೆ" ಅನ್ನುತ್ತಿದ್ದಳು. ಮಾರ್ಲಿಸ್ ಓದಿ ಹೇಳುತ್ತಿದ್ದಳು. ನಿನಗೆ ಓದಲು ಬರುತ್ತದೆಯೇ ಎಂದು ಕೇಳಲು ಅವಳಿಗೆ ಭಯವಾಗಿತ್ತು.

ಆ ಫೆಬ್ರುವರಿಯಲ್ಲಿ ನೆಗಡಿ ಬಿಗಿದು ಮಾರ್ಲಿಸಳ ಗಂಟಲು ಕಟ್ಟಿತು. ಹಳೆಯ ಸಮುದ್ರಯಾನದ ಪುಸ್ತಕವೊಂದನ್ನು ಮಗಳ ಮುಂದೆ ಸರಿಸಿ, "ಇವತ್ತು ನೀನು ಓದು" ಎಂದು ಪಿಸುಗುಟ್ಟಿದಳು.

ಇಂಗಾ ನೆಟ್ಟಗೆ ಕೂತಳು. ಆಮೇಲೆ ಪುಸ್ತಕ ಬಿಚ್ಚಿ ಶುರು ಮಾಡಿದಳು. ಎಲ್ಲೂ ತಡವರಿಸಲಿಲ್ಲ. ಹಡಗು ಹಿಮಗಡ್ಡೆಗಳ ನಡುವೆ ಸಿಕ್ಕಿಕೊಂಡಿತು, ನಾವಿಕರು ಚರ್ಮದ ಚೀಲ ಬೇಯಿಸಿ ತಿಂದರು. ಮಾರ್ಲಿಸಳ ಎದೆ ಉಬ್ಬಿತು. ಡೋರೀನ್ ಈಗ ಇಲ್ಲಿರಬೇಕಿತ್ತು ಅನ್ನಿಸಿತು.

ಅಷ್ಟರಲ್ಲಿ ಕಥೆಯೊಳಗೆ ಹಡಗಿನ ಕಪ್ತಾನ ಮನೆಗೆ ಮರಳಿದ. ಮಾರ್ಲಿಸ್ ತಟ್ಟನೆ ತಲೆ ಎತ್ತಿದಳು. ಚಿಕ್ಕಂದಿನಲ್ಲಿ ಅವಳೇ ಓದಿದ್ದ ಪುಸ್ತಕ ಅದು. ಅದರಲ್ಲಿ ಕಪ್ತಾನ ಹಿಮದಲ್ಲೇ ಸಾಯುತ್ತಾನೆ.

ನಡುವೆ ಬಾಯಿ ಹಾಕಬಾರದೆಂಬ ನಿಯಮ ಅವಳದೇ. ಕೊನೆಯವರೆಗೂ ಕೇಳಿದಳು. ಇಂಗಾಳ ಕಣ್ಣು ಸಾಲಿನ ಮೇಲೆ ಎಡದಿಂದ ಬಲಕ್ಕೆ ಓಡಾಡುತ್ತಿತ್ತು. ಹಾಳೆ ತಿರುವುವ ಹೊತ್ತೂ ಸರಿಯಾಗಿತ್ತು. ಇಷ್ಟು ವರ್ಷ ಅಮ್ಮನನ್ನು ನೋಡಿ ಅದನ್ನು ಕಲಿತಿದ್ದಳು.

"ಇದು ಆ ಪುಸ್ತಕದಲ್ಲಿಲ್ಲ ಮಗಾ."

"ಗೊತ್ತು." ಇಂಗಾ ಪುಸ್ತಕ ಮುಚ್ಚಿದಳು. "ನಂಗೆ ಯಾವತ್ತೂ ಬಂದಿಲ್ಲಮ್ಮ. ಅಕ್ಷರ ಒಂದು ಕಡೆ ನಿಲ್ಲೋದೇ ಇಲ್ಲ."

"ಯಾಕೆ ಹೇಳ್ಲಿಲ್ಲ?"

"ನೀನು ಅತ್ತೆ ಹತ್ರ ಅಷ್ಟು ಜಂಬದಿಂದ ನನ್ ಬಗ್ಗೆ ಹೇಳ್ತಿದ್ದೆ. ಹೇಗೆ ಹೇಳ್ಲಿ?"

ಮಾರ್ಲಿಸಳಿಗೆ ನಾಚಿಕೆಗಿಂತ ಹೆಚ್ಚಾಗಿ ಸಂಕಟವಾಯಿತು. ತಾನು ತಾಳ್ಮೆಯೆಂದು ಹೊತ್ತು ತಿರುಗಿದ್ದರ ನೋವನ್ನು ಈ ಮಗು ಒಂಟಿಯಾಗಿ ಅನುಭವಿಸಿತ್ತು. ಅವಳು ಪುಸ್ತಕ ಎಳೆದುಕೊಂಡು ಮೊದಲ ಪದದ ಕೆಳಗೆ ಬೆರಳಿಟ್ಟಳು. ಇವತ್ತೇ, ಈಗಲೇ ಶುರು ಮಾಡಬೇಕು. ಬಾಯಿ ತೆರೆದಳು. ಪಿಸುಮಾತೂ ಹೊರಡಲಿಲ್ಲ. ಮತ್ತೆ ಪ್ರಯತ್ನಿಸಿದಳು. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು.

ಇಂಗಾ ಎದ್ದು ಬಿಸಿನೀರು ತಂದು ಅಮ್ಮನ ಕೈಗಿಟ್ಟು, ಬೆನ್ನು ಸವರಿದಳು.

"ಇರ್ಲಿ ಬಿಡಮ್ಮ," ಅಂದಳು. "ಅವಸರ ಏನಿದೆ?"