ನಾರ್ಮಲ್ ಮೇಷ್ಟ್ರು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಎದುರಿನ ಚಹಾದಂಗಡಿಯಲ್ಲಿ ನಾರ್ಮಲ್ ಎಂಬ ಪದವನ್ನು ನಿರ್ಭಯವಾಗಿ ಉಚ್ಚರಿಸಬಲ್ಲ ಧೀರರಿಲ್ಲ. ಏಕೆಂದರೆ ನಿವೃತ್ತ ಇಂಗ್ಲಿಷ್ ಮೇಷ್ಟರಾದ ಖಲೀಮುಲ್ಲಾ ಸಾಹೇಬರು ಅಲ್ಲಿಯೇ ಆಸೀನರಾಗಿರುತ್ತಾರೆ. "ಇವತ್ತು ಗೂಡಿನ ರೇಟು ನಾರ್ಮಲ್ಲು" ಎಂದು ರೈತ ಗಂಗುಲಪ್ಪ ಬಾಯಿಬಿಟ್ಟರೆ ಸಾಕು, "ಯಾವ ಬಡಗಿ ಅಳೆದನಪ್ಪಾ ನಿನ್ನ ರೇಟನ್ನ?" ಎಂದು ಲೋಟವನ್ನು ಕೆಳಗಿಟ್ಟು, ಲ್ಯಾಟಿನ್ ಭಾಷೆಯಲ್ಲಿ ನಾರ್ಮಾ ಎಂದರೆ ಮೂಲೆ ನೇರವಾಗಿದೆಯೇ ಎಂದು ಬಡಗಿ ಇಟ್ಟು ನೋಡುವ ಮೂಲೆಮಟ್ಟವೆಂದೂ, ಅದಕ್ಕೆ ಒಪ್ಪಿದ್ದೇ ನಾರ್ಮಲ್ ಎಂದೂ, ಅದನ್ನು ಸಾಧಾರಣವೆಂಬ ಅರ್ಥಕ್ಕಿಳಿಸಿದ್ದು ಲೋಕವು ಪದಕ್ಕೆಸಗಿದ ಅಪಚಾರವೆಂದೂ ಚಹಾ ಆರುವವರೆಗೆ ನಿರೂಪಿಸುವರು. ಮೈಬಿಸಿ ನಾರ್ಮಲ್ಲೆಂದ ಜ್ವರ ಬಿಟ್ಟವನಾಗಲಿ, ರಶ್ಶು ನಾರ್ಮಲ್ಲೆಂದ ಸಾದಲಿ ಬಸ್ಸಿನ ಕಂಡಕ್ಟರನಾಗಲಿ ಈ ಪಾಠದಿಂದ ಪಾರಾದವರಿಲ್ಲ. "ಮೇಷ್ಟ್ರು ಅವ್ರೆ, ಮಾಮೂಲಿ ಅನ್ರೋ" ಎಂದು ಜನ ಪಿಸುಗುಟ್ಟುವುದುಂಟು. ಆ ಪದದ ಅರಬ್ಬೀ ಮೂಲವನ್ನೂ ಅವರು ಬಲ್ಲರೆಂಬುದು ಆ ಬಡಪಾಯಿಗಳಿಗೆ ತಿಳಿಯದು. ಇಂಥವರು ಮೊನ್ನೆ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಹೆರಿಗೆಯ ಕೋಣೆಯ ಮುಂದೆ ಶತಪಥ ಹಾಕುತ್ತಿದ್ದರು. ಒಳಗಿದ್ದ ಮಗಳು ನೌರೀನ್ ಈ ಹಿಂದೆ ತನ್ನ ಚೊಚ್ಚಲ ಮಗುವನ್ನು ಹೆರಿಗೆಯಲ್ಲಿಯೇ ಕಳೆದುಕೊಂಡವಳು. ಕಡೆಗೆ ದಾದಿ ಹೊರಬಂದು, "ನಾರ್ಮಲ್ ಆಯ್ತು ಸರ್, ಹೆಣ್ಮಗು. ಇಬ್ರೂ ಚೆನ್ನಾಗವ್ರೆ" ಎಂದಳು. ಮೇಷ್ಟರು ಗೋಡೆಯನ್ನು ಹಿಡಿದುಕೊಂಡು, "ಇನ್ನೊಂದ್ಸಲ ಹೇಳಮ್ಮ" ಎಂದರು. ಹೇಳಿದಳು. "ಇನ್ನೊಂದ್ಸಲ" ಎಂದರು. "ಏನ್ ಸರ್, ಕಿವಿ ಕೇಳ್ಸಲ್ವಾ?" ಎಂದು ಅವಳು ನಕ್ಕಾಗ, ಗಡ್ಡದ ಮೇಲಿಳಿದ ಕಣ್ಣೀರನ್ನು ಒರೆಸಿಕೊಳ್ಳದೆಯೇ, "ಕೇಳುಸ್ತದಮ್ಮ. ಕೇಳ್ತಾನೇ ಇರಣ ಅನ್ಸ್ತದೆ" ಎಂದರು.